ನಲವತ್ತೈದು ದಿನ ಯಾವತ್ತಿನಿಂದ?

ಮೊನ್ನೆ ಪಕ್ಕದ ಊರಿನ ಸೇವಾ ಕ್ಲಬ್ಬೊಂದರ ಸಭೆಗೆ ಹೋಗಿದ್ದೆ. ಹೋಟೆಲಿನ ಮಹಡಿ ಮೇಲಿನ ಹಾಲು, ತಟ್ಟೆಯಲ್ಲಿ ಉಪ್ಪಿಟ್ಟು ಕೇಸರಿಬಾತು, ಗೋಡೆಗೊಂದು ಬ್ಯಾನರು. ಇಂಥ ಕಡೆ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ ಬಗ್ಗೆಯೋ ಯೋಗದ ಬಗ್ಗೆಯೋ ಉಪನ್ಯಾಸ. ಈ ಸಲ ಮಾತ್ರ, ಊರಿನ ಸಣ್ಣ ಕೈಗಾರಿಕೆಗಳಿಗೆ ಏನೇನು ನೆರವುಂಟು ಎಂಬ ವಿಷಯ. ಮಾತಾಡಿದವರು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿದ್ದು ನಿವೃತ್ತರಾದ ಒಬ್ಬ ಅಧಿಕಾರಿ. ಕ್ಲಬ್ಬಿನ ವಿದ್ಯಾರ್ಥಿ ಶಾಖೆಯ ಹತ್ತಿಪ್ಪತ್ತು ಮಕ್ಕಳನ್ನೂ ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು.

ಸೇವಾ ಕ್ಲಬ್ಬಿಗೂ ವ್ಯಾಪಾರಕ್ಕೂ ಎತ್ತಣ ಸಂಬಂಧ ಎನ್ನಬೇಡಿ. 1905ರ ಫೆಬ್ರುವರಿಯಲ್ಲಿ ಷಿಕಾಗೋದಲ್ಲಿ ರೋಟರಿ ಹುಟ್ಟಿದಾಗ ಮೊದಲು ಸೇರಿದವರು ನಾಲ್ವರು: ವಕೀಲ ಪಾಲ್ ಹ್ಯಾರಿಸ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರು, ಒಬ್ಬ ದರ್ಜಿ. ಸ್ನೇಹದ ಜೊತೆಗೆ ಒಬ್ಬರ ವ್ಯಾಪಾರಕ್ಕೆ ಇನ್ನೊಬ್ಬರು ಒದಗುವುದೂ ಆಗಿನ ಉದ್ದೇಶವಾಗಿತ್ತು. ಸಮಾಜ ಸೇವೆ ಬಂದದ್ದು ಆಮೇಲೆ. ಅದರ ಮೊದಲ ಸಾರ್ವಜನಿಕ ಕೆಲಸ ಏನು ಗೊತ್ತೆ? ಷಿಕಾಗೋ ನಗರಕ್ಕೆ ಸಾರ್ವಜನಿಕ ಶೌಚಾಲಯ! (ನಮ್ಮೂರ ಬಸ್ ಸ್ಟ್ಯಾಂಡ್ ನೋಡಿದವರಿಗೆ ಆ ನಾಲ್ವರ ಮೇಲೆ ಗೌರವ ಹೆಚ್ಚೀತು.)

ಅಧಿಕಾರಿಗಳು ಪಟ್ಟಿಯನ್ನೇ ತಂದಿದ್ದರು. 1978ರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳು, 1959ರ ರಾಜ್ಯ ಹಣಕಾಸು ಸಂಸ್ಥೆ, ಅಡವಿಲ್ಲದೆ ಬ್ಯಾಂಕು ಸಾಲ ಕೊಡಲೆಂದು 2000ದಲ್ಲಿ ಬಂದ ಗ್ಯಾರಂಟಿ ನಿಧಿ, ಕೇಂದ್ರ ಸರ್ಕಾರದ ಇಲಾಖೆಗಳು ತಮ್ಮ ಖರೀದಿಯಲ್ಲಿ ಶೇ. 25ನ್ನು ಸಣ್ಣ ಘಟಕಗಳಿಂದಲೇ ಕೊಳ್ಳಬೇಕೆಂಬ ನಿಯಮ. ಹಿರಿಯರು ಗಡಿಯಾರ ನೋಡಿಕೊಳ್ಳತೊಡಗಿದರು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಮಾತು ಬಂದಾಗ ಮಾತ್ರ ಹಿಂದಿನ ಸಾಲು ಎಚ್ಚೆತ್ತುಕೊಂಡಿತು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ ಅದು. ಒಂದು ಪ್ಲಾಸ್ಟಿಕ್ ಮುಚ್ಚಳ ಮಾಡಬೇಕಾದರೂ ಮೊದಲು ಅದಕ್ಕೊಂದು ಅಚ್ಚು ಬೇಕು; ಅಚ್ಚು ಕಡೆಯುವ ಯಂತ್ರ ಕೊಳ್ಳುವ ಶಕ್ತಿ ಸಣ್ಣವರಿಗಿಲ್ಲ. ಅಂಥವರಿಗೆ ಅಚ್ಚು ಮಾಡಿಕೊಡುವುದು, ಮಕ್ಕಳಿಗೆ ಆ ವಿದ್ಯೆಯಲ್ಲಿ ಡಿಪ್ಲೊಮಾ ಕಲಿಸುವುದು, ಎರಡೂ ಒಂದೇ ಕಡೆ. ಎಸ್ಸೆಸ್ಸೆಲ್ಸಿ ಆದ ಮಕ್ಕಳ ತಂದೆತಾಯಿ ಇದನ್ನು ಗಮನಿಸುವುದು ಒಳ್ಳೆಯದು.

ಕೊನೆಯಲ್ಲಿ ಅವರು ಹೇಳಿದ್ದು 2006ರ ಎಂಎಸ್‌ಎಂಇ ಕಾಯ್ದೆಯ ವಿಷಯ. ಸಣ್ಣ ಘಟಕದಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆಮೇಲೆ ಎಂದಿನಂತೆ, ಪ್ರಶ್ನೆಗಳಿದ್ದರೆ ಕೇಳಿ ಎಂದರು.

ಹಿಂದಿನ ಸಾಲಿನಿಂದ ಪಿಯುಸಿಯ ಒಬ್ಬ ಹುಡುಗಿ ಎದ್ದಳು.

'ಸರ್, ನಲವತ್ತೈದು ದಿನ ಅಂದರೆ ಯಾವತ್ತಿನಿಂದ?'

'ಮಾಲು ಒಪ್ಪಿಕೊಂಡ ದಿನದಿಂದ. ಹದಿನೈದು ದಿನದಲ್ಲಿ ಬರಹದ ತಕರಾರು ಬರಲಿಲ್ಲವೆಂದರೆ, ಮಾಲು ಕೊಟ್ಟ ದಿನವೇ ಒಪ್ಪಿದ ದಿನ. ಅಂದ ಹಾಗೆ, ಬರಹದ ಕರಾರು ಇಲ್ಲದಿದ್ದರೆ 45 ಅಲ್ಲ, ಹದಿನೈದೇ ದಿನ. ಯಾಕಮ್ಮಾ?'

'ಡೆಸ್ಕು ಕೊಟ್ಟಿದ್ದು ಜೂನ್‌ನಲ್ಲಿ ಸರ್. ಎಂಟು ತಿಂಗಳಾಯ್ತು.'

ಯಾವ ಡೆಸ್ಕು ಎಂದು ಅವರು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಶಾಲೆ ಶುರುವಾಗುವಾಗ ಅದೇ ಕ್ಲಬ್ಬು ಸರ್ಕಾರಿ ಶಾಲೆಗೆ ಮೂವತ್ತು ಡೆಸ್ಕು ದಾನ ಮಾಡಿತ್ತು. ಪ್ರತಿ ಡೆಸ್ಕಿನ ಬೆನ್ನಿಗೂ ಕ್ಲಬ್ಬಿನ ಹೆಸರು. ಮಾಡಿಕೊಟ್ಟವರು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವೆಲ್ಡಿಂಗ್ ಶೆಡ್ ಇಟ್ಟಿರುವ ಈಕೆಯ ತಂದೆ. ಅಧ್ಯಕ್ಷರು ಖಜಾಂಚಿಯ ಮುಖ ನೋಡಿದರು. ದಾನಿಯೊಬ್ಬರು ಕೊಡಬೇಕಾದ್ದು ಇನ್ನೂ ಬಂದಿಲ್ಲ ಎಂದು ಖಜಾಂಚಿ ಮೆಲ್ಲಗೆ ಹೇಳಿದರು. ವಂದನಾರ್ಪಣೆ ಬೇಗ ಮುಗಿಯಿತು.

ಮರುದಿನ ಆ ಶೆಡ್ಡಿಗೆ ಹೋದೆ. ಮಗಳು ಹಾಗೆ ಕೇಳಿದ್ದಕ್ಕೆ ತಂದೆಗೆ ಸಿಟ್ಟು ಬಂದಿತ್ತು. 'ಕ್ಲಬ್ಬಲ್ಲಿರೋರೇ ಸ್ವಾಮಿ ನಮಗೆ ಗೇಟು, ಗ್ರಿಲ್ಲು ಕೆಲಸ ಕೊಡೋರು. ನಾಳೆ ಕರೀತಾರಾ?' ಎಂದರು. ಲೆಕ್ಕ ಕೇಳಿದೆ. ಮುಂಗಡ ಬಂದದ್ದು ಮೂರನೇ ಒಂದು ಪಾಲು. ಕಬ್ಬಿಣದ ಪೈಪು ಸಾಲದಲ್ಲಿ ಸಿಕ್ಕುವುದಿಲ್ಲ. ಇಬ್ಬರು ಹುಡುಗರಿಗೆ ಶನಿವಾರ ಬಟವಾಡೆ ಆಗಲೇಬೇಕು. ಇನ್ನು ಜಿಎಸ್‌ಟಿ: ಬಿಲ್ಲು ಹರಿದ ಮೇಲೆ ಹಣ ಬರಲಿ ಬಿಡಲಿ, ತೆರಿಗೆ ಕಟ್ಟಲೇಬೇಕು. ಕೈಗೆ ಬಾರದ ಹಣಕ್ಕೆ ಅವರು ಕಟ್ಟಿ ಆಗಿತ್ತು. ಮಗಳ ಕಾಲೇಜಿನ ಎರಡನೇ ಕಂತಿಗೆ ಕೈಗಡ ತಂದಿದ್ದರು. ದಾನ ಮಾಡಿದವರು ಕ್ಲಬ್ಬಿನವರೆಂದು ಊರೆಲ್ಲ ತಿಳಿದಿತ್ತು. ಎಂಟು ತಿಂಗಳು ಆ ದಾನದ ಭಾರ ಹೊತ್ತಿದ್ದು ಈ ಮನುಷ್ಯ.

ಇಲ್ಲೇ ನನಗೆ ಕಾಯ್ದೆಯ ಮೇಲೆ ಅರ್ಧ ನಂಬಿಕೆ. ವಿಳಂಬ ಪಾವತಿಗೆ ಬಡ್ಡಿ ಹಾಕುವ ಕಾಯ್ದೆ 1993ರಲ್ಲೇ ಬಂದಿತ್ತು. 2006ರದ್ದು ಇನ್ನೂ ಬಿಗಿ: ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು, ಅದರ ತೀರ್ಪನ್ನು ಕೊಂಡವರು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಶೇ. 75ರಷ್ಟು ಹಣವನ್ನು ಮೊದಲು ಇಡಬೇಕು. ಆದರೆ ಇರುವುದೇ ನಾಲ್ಕು ಗಿರಾಕಿ ಎಂದಾದಾಗ ಅವರಲ್ಲೊಬ್ಬರ ಮೇಲೆ ದೂರು ಬರೆಯುವವರಾರು? 2023ರ ಹಣಕಾಸು ಕಾಯ್ದೆ ಮಾಡಿದ್ದು ಜಾಣತನ. ಕೊಂಡವರು ಈ ಗಡುವಿನೊಳಗೆ ಹಣ ಕೊಡದೆ ಆ ವರ್ಷ ಬಾಕಿ ಉಳಿಸಿಕೊಂಡರೆ, ಆ ಖರ್ಚನ್ನು ಆ ವರ್ಷದ ಆದಾಯದಲ್ಲಿ ಕಳೆಯುವಂತಿಲ್ಲ. ಆಗ ಸಣ್ಣವನು ಬಾಯಿ ಬಿಡಬೇಕಾಗಿಲ್ಲ, ದೊಡ್ಡವನ ಆಡಿಟರೇ ಕಿವಿ ಹಿಂಡುತ್ತಾನೆ. ಕ್ಲಬ್ಬಿನಂಥ ಕಡೆ ಇದರಿಂದ ಹೆಚ್ಚು ಉಪಯೋಗವಿಲ್ಲ ಎನ್ನಿ.

ಶೆಡ್ಡು, ಲೇಥು, ಗಿರಣಿ ಇರುವ ಮನೆಯ ಮಕ್ಕಳಿಗೆ ಒಂದು ಮಾತು. ಇದರ ಅನುಕೂಲವೆಲ್ಲ ಉದ್ಯಮ್ ನೋಂದಣಿ ಇದ್ದವರಿಗೆ. 2020ರ ಜುಲೈನಿಂದ ಬಂದ ಇದಕ್ಕೆ ಶುಲ್ಕವಿಲ್ಲ. ಮಾಡಿಸಿಕೊಡುತ್ತೇನೆಂದು ಸಾವಿರ ಎರಡು ಸಾವಿರ ಕೇಳುವವರನ್ನು ಬಾಗಿಲಲ್ಲೇ ಕಳಿಸಿ. ನೀವೇ ಕೂತು ಅಪ್ಪನ ಆಧಾರ್ ಸಂಖ್ಯೆ ಕೊಟ್ಟು ಮಾಡಬಹುದು. ಆ ಸಂಖ್ಯೆ ಬಿಲ್ಲಿನ ಮೇಲಿರಲಿ. ಮಾಲು ಇಳಿಸಿದಾಗ ಚಲನ್ ಮೇಲೆ ತಾರೀಖು ಸಮೇತ ಸಹಿ ತೆಗೆದುಕೊಳ್ಳಿ. ಈಕೆಯ ತಂದೆಯ ಬಳಿ ನೋಂದಣಿ ಇತ್ತು, ಸಹಿಯಾದ ಚಲನ್ ಇರಲಿಲ್ಲ. ಶಾಲೆಯಲ್ಲಿ ಇಳಿಸಿದ ದಿನ ಎಲ್ಲರೂ ಫೋಟೋದ ಗಡಿಬಿಡಿಯಲ್ಲಿದ್ದರಂತೆ.

ಹತ್ತು ದಿನದ ಮೇಲೆ ಬಾಕಿ ಹಣದ ಚೆಕ್ಕು ಬಂತೆಂದು ಹುಡುಗಿ ಫೋನು ಮಾಡಿದ್ದಳು. ಖಜಾಂಚಿಯವರೇ ಶೆಡ್ಡಿಗೆ ತಂದುಕೊಟ್ಟು, ಚಹಾ ಕುಡಿದು ಹೋದರಂತೆ. ಬಡ್ಡಿಯ ಮಾತು ಯಾರೂ ಎತ್ತಲಿಲ್ಲ.