ಆಸ್ಪತ್ರೆಯ ಕಾಗದಗಳು

ಹೊಲಮನೆಗಳ ಪತ್ರಗಳನ್ನು ಕಾಪಾಡುವ ವಿಷಯದಲ್ಲಿ ನಮ್ಮ ಗೃಹಸ್ಥರಿಗೆ ಯಾರೂ ಬುದ್ಧಿ ಹೇಳಬೇಕಾದುದಿಲ್ಲ. ಅಜ್ಜನ ಕಾಲದ ಕ್ರಯಪತ್ರ, ಪಹಣಿ, ಕಂದಾಯದ ರಸೀದಿ ಇವೆಲ್ಲವೂ ಬಟ್ಟೆಯಲ್ಲಿ ಸುತ್ತಲ್ಪಟ್ಟು ಪೆಟ್ಟಿಗೆಯ ತಳದಲ್ಲಿ ಭದ್ರವಾಗಿರುತ್ತವೆ. ಆದರೆ ಅದೇ ಮನೆಯ ಯಜಮಾನರನ್ನು, ಹತ್ತು ವರ್ಷಗಳ ಕೆಳಗೆ ತಮಗೆ ಯಾವ ಶಸ್ತ್ರಚಿಕಿತ್ಸೆಯಾಯಿತೆಂದು ಕೇಳಿದರೆ, "ಹೊಟ್ಟೆಯಲ್ಲಿ ಏನೋ ಇತ್ತಂತೆ, ತೆಗೆದರು" ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ಅಪೂರ್ವ. ಆಸ್ಪತ್ರೆಯವರು ಕೊಟ್ಟ ಕಾಗದವೆಲ್ಲಿ ಎಂದರೆ ಯಾರಿಗೂ ಗೊತ್ತಿರುವುದಿಲ್ಲ. ಮಣ್ಣಿಗೆ ಇರುವ ದಾಖಲೆ ಮೈಗೆ ಇಲ್ಲದಿರುವುದು ವಿಚಾರಾರ್ಹವಾದ ಸಂಗತಿಯಲ್ಲವೆ?

ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳುವೆವು. ಅವರ ತಾಯಿಯವರಿಗೆ ಒಮ್ಮೆ ಜ್ವರವಾಗಿದ್ದಾಗ ಪೆನಿಸಿಲಿನ್ ಜಾತಿಯ ಸೂಜಿಮದ್ದು ಹಾಕಲಾಗಿ, ಕ್ಷಣಮಾತ್ರದಲ್ಲಿ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತು. ವೈದ್ಯರು ಸಮಯಕ್ಕೆ ಸರಿಯಾಗಿ ಉಪಚರಿಸಿ ಬದುಕಿಸಿದರು. ಮನೆಗೆ ಕಳುಹಿಸುವಾಗ ಕೊಟ್ಟ ಸಾರಾಂಶಪತ್ರದಲ್ಲಿ ಈ ಜಾತಿಯ ಔಷಧವನ್ನು ಮುಂದೆಂದಿಗೂ ಕೊಡಕೂಡದೆಂದು ಷರಾ ಬರೆದರು. ನಾಲ್ಕು ವರ್ಷಗಳ ಮೇಲೆ ಆ ವೃದ್ಧೆ ಮಗನೊಡನೆ ಬೇರೊಂದು ಊರಿನಲ್ಲಿದ್ದಾಗ ಮತ್ತೆ ಕಾಹಿಲೆಯಾಯಿತು. ಅಲ್ಲಿಯ ವೈದ್ಯರು, "ಯಾವುದಾದರೂ ಔಷಧ ಒಗ್ಗುವುದಿಲ್ಲವೆ ತಾಯಿ?" ಎಂದು ಕೇಳಿದರು. "ಏನೋ ಒಂದು ಸೂಜಿ ಆಗಲಿಲ್ಲಪ್ಪ, ಹೆಸರು ತಿಳಿಯದು" ಎಂದರು ಆಕೆ. ಮಗನಿಗೂ ನೆನಪಿರಲಿಲ್ಲ. ಆಗ ಸೊಸೆಯು, "ಅತ್ತೆಯವರ ಕಾಗದ ಪಂಚಾಂಗದೊಳಗೆ ಇಟ್ಟಿದ್ದೇನೆ, ತಂದಿದ್ದೇನೆ" ಎಂದು ತೆಗೆದುಕೊಟ್ಟಳು. ವೈದ್ಯರು ಓದಿ, ಬರೆಯಬೇಕೆಂದಿದ್ದ ಔಷಧವನ್ನು ಬಿಟ್ಟು ಬೇರೊಂದನ್ನು ಬರೆದರು. ಒಂದು ಹಾಳೆ ಕಾಗದವು ಆ ಹೊತ್ತು ಮಾಡಿದ ಉಪಕಾರವನ್ನು ಬೆಲೆಕಟ್ಟಿ ಹೇಳುವುದು ಕಷ್ಟ.

ಹಾಗಾದರೆ ಆಸ್ಪತ್ರೆಯಲ್ಲಿ ಬರೆಯುವುದಾದರೂ ಏನು? ರೋಗಿಯು ಹೇಳಿದ ಬಾಧೆ, ಹಿಂದಿನ ಕಾಹಿಲೆಗಳು, ಒಗ್ಗದ ಔಷಧಗಳು, ವೈದ್ಯರು ಪರೀಕ್ಷಿಸಿ ಕಂಡುದು, ರಕ್ತಪರೀಕ್ಷೆ ಮುಂತಾದುವುಗಳ ಫಲ, ರೋಗನಿರ್ಣಯ, ಕೊಟ್ಟ ಔಷಧ ಮತ್ತು ಅದರ ಪ್ರಮಾಣ, ದಾದಿಯರು ಹೊತ್ತುಹೊತ್ತಿಗೆ ಗುರುತಿಸಿದ ಜ್ವರ, ನಾಡಿ, ರಕ್ತದೊತ್ತಡ, ಶಸ್ತ್ರಚಿಕಿತ್ಸೆಯ ವಿವರ, ರೋಗಿಯ ಒಪ್ಪಿಗೆ, ಕಡೆಗೆ ಬಿಡುಗಡೆಯ ಸಾರಾಂಶ. ಇವೆಲ್ಲ ಸೇರಿದುದೇ ಕೇಸ್ ಷೀಟು. ಇದರ ಮೊದಲನೆಯ ಪ್ರಯೋಜನ ನ್ಯಾಯಸ್ಥಾನಕ್ಕಲ್ಲ, ರೋಗಿಗೇ. ಹಗಲಿನ ವೈದ್ಯರು ಮನೆಗೆ ಹೋದ ಮೇಲೆ ರಾತ್ರಿಯ ವೈದ್ಯರಿಗೆ ಕಣ್ಣಾಗುವುದು ಈ ಬರಹವೊಂದೇ.

ಈ ಬರಹದಲ್ಲಿ ಸಣ್ಣದೆಂದು ತೋರುವ ದೋಷವೂ ಪ್ರಾಣಾಂತಿಕವಾಗಬಹುದು. ೫ ಮಿಲಿಗ್ರಾಂ ಎಂಬುದನ್ನು ೫.೦ ಎಂದು ಬರೆದರೆ, ಚುಕ್ಕೆ ಮಾಸಿದಾಗ ಅದು ೫೦ ಆಗಿ ಹತ್ತರಷ್ಟು ಔಷಧ ಹೊಟ್ಟೆಗೆ ಬೀಳುತ್ತದೆ. ಅರ್ಧ ಮಿಲಿಗ್ರಾಮನ್ನು ಸೊನ್ನೆಯಿಲ್ಲದೆ .೫ ಎಂದು ಬರೆದರೂ ಅದೇ ಅಪಾಯ, ೦.೫ ಎಂದೇ ಬರೆಯತಕ್ಕದ್ದು. ಇನ್ಸುಲಿನ್ನಿನ ಅಳತೆಯಾದ ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ಯು ಅಕ್ಷರವನ್ನು ಮಾತ್ರ ಹಾಕಿದರೆ ಅದು ಸೊನ್ನೆಯಂತೆ ಕಂಡು ನಾಲ್ಕು ಯೂನಿಟ್ ನಲವತ್ತಾಗಬಹುದು. ಆದುದರಿಂದಲೇ ಒಳ್ಳೆಯ ಆಸ್ಪತ್ರೆಗಳಲ್ಲಿ ಇಂತಹ ಸಂಕ್ಷೇಪಗಳನ್ನು ನಿಷೇಧಿಸಿರುತ್ತಾರೆ. ಔಷಧಗಳ ಮೂಲನಾಮವನ್ನು ಸ್ಪಷ್ಟವಾಗಿ, ಸಾಧ್ಯವಾದಮಟ್ಟಿಗೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು ೨೦೧೬ರಲ್ಲಿ ತನ್ನ ನಿಯಮಗಳಿಗೆ ತಿದ್ದುಪಡಿ ಮಾಡಿತು.

ಒಳ್ಳೆಯ ದಾಖಲೆಯ ಲಕ್ಷಣಗಳನ್ನು ಗೃಹಸ್ಥರೂ ತಿಳಿದಿರುವುದು ಯುಕ್ತ. ಪ್ರತಿಯೊಂದು ಬರಹಕ್ಕೂ ತಾರೀಖು, ವೇಳೆ, ಬರೆದವರ ಹೆಸರು ಮತ್ತು ರುಜು ಇರಬೇಕು. ನಡೆದ ಕೆಲಸವನ್ನು ನಡೆದ ಕೂಡಲೆ ಬರೆಯಬೇಕೇ ಹೊರತು ದಿನದ ಕೊನೆಯಲ್ಲಿ ನೆನಪಿನಿಂದ ಅಲ್ಲ. ಕಂಡುದನ್ನು ಕಂಡಂತೆ ಬರೆಯಬೇಕು. "ರೋಗಿಯು ಕುಡಿದಿದ್ದನು" ಎಂಬುದು ತೀರ್ಮಾನ. "ಉಸಿರಿನಲ್ಲಿ ಮದ್ಯದ ವಾಸನೆಯಿತ್ತು, ಮಾತು ತೊದಲುತ್ತಿತ್ತು" ಎಂಬುದು ದಾಖಲೆ. ತೊದಲುಮಾತಿಗೆ ಮದ್ಯವೇ ಕಾರಣವಾಗಬೇಕಾಗಿಲ್ಲ. ತಲೆಗೆ ಬಿದ್ದ ಪೆಟ್ಟೂ ಕಾರಣವಾಗಿರಬಹುದಷ್ಟೆ. ತಪ್ಪು ಬರೆದುದಾದರೆ, ಮೂಲವು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ತಾರೀಖು ಹಾಕಿ ರುಜು ಮಾಡಬೇಕು. ಅಳಿಸುವುದು, ಬಿಳಿಯ ಬಣ್ಣ ಬಳಿಯುವುದು, ಅಕ್ಷರದ ಮೇಲೆ ಅಕ್ಷರ ತಿದ್ದುವುದು ಇವು ಮೂರೂ ವರ್ಜ್ಯ. ಮರೆತುದನ್ನು ಆಮೇಲೆ ಸೇರಿಸುವುದು ತಪ್ಪಲ್ಲ. ಆದರೆ ಅದನ್ನು ಆಮೇಲೆ ಬರೆದುದೆಂದು ಪ್ರಾಮಾಣಿಕವಾಗಿ ಒಪ್ಪಿ, ಬರೆದ ವೇಳೆಯನ್ನೇ ನಮೂದಿಸಬೇಕು.

ಇನ್ನು ಕಾನೂನಿನ ಮಾತಿಗೆ ಬರೋಣ. ವೈದ್ಯರ ನಡವಳಿಕೆಯನ್ನು ಕುರಿತ ೨೦೦೨ರ ನಿಯಮಗಳ ಪ್ರಕಾರ, ಆಸ್ಪತ್ರೆಯಲ್ಲಿ ಸೇರಿ ಚಿಕಿತ್ಸೆ ಪಡೆದ ರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ೩ ವರ್ಷಗಳವರೆಗೆ ಕಾಪಾಡತಕ್ಕದ್ದು. ರೋಗಿಯಾಗಲಿ, ಆತನಿಂದ ಅಧಿಕಾರ ಪಡೆದವರಾಗಲಿ, ಕಾನೂನಿನ ಅಧಿಕಾರಿಗಳಾಗಲಿ ಕೇಳಿದರೆ, ಕೇಳಿಕೆಗೆ ಸ್ವೀಕೃತಿ ಕೊಟ್ಟು ೭೨ ಗಂಟೆಗಳೊಳಗಾಗಿ ಕಾಗದಗಳನ್ನು ಒದಗಿಸತಕ್ಕದ್ದು. ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೩ರ ಆಗಸ್ಟಿನಲ್ಲಿ ಹೊಸ ನಿಯಮಗಳನ್ನು ಹೊರಡಿಸಿತಾದರೂ ಅದೇ ತಿಂಗಳಲ್ಲಿ ಅವುಗಳನ್ನು ಅಮಾನತಿನಲ್ಲಿಟ್ಟು, ೨೦೦೨ರ ನಿಯಮಗಳನ್ನೇ ಮತ್ತೆ ಜಾರಿಗೆ ತಂದಿತು. ಆದುದರಿಂದ ನಕಲು ಕೇಳುವುದು ಯಾಚನೆಯಲ್ಲ, ಹಕ್ಕು ಎಂಬುದನ್ನು ನಮ್ಮ ವಾಚಕರು ಮನಗಾಣಬೇಕು.

೧೯೯೫ರಲ್ಲಿ ಸುಪ್ರೀಂ ಕೋರ್ಟು, ಹಣ ಪಡೆದು ಮಾಡುವ ವೈದ್ಯಸೇವೆಯು ಬಳಕೆದಾರರ ರಕ್ಷಣೆಯ ಕಾನೂನಿಗೆ ಒಳಪಡುವುದೆಂದು ತೀರ್ಪಿತ್ತಿತು. ಅಂದಿನಿಂದ ಕೇಸ್ ಷೀಟಿನ ಬೆಲೆ ಇಮ್ಮಡಿಯಾಯಿತೆನ್ನಬಹುದು. ವ್ಯಾಜ್ಯವು ವಿಚಾರಣೆಗೆ ಬರುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ವೈದ್ಯರಿಗೂ ನೆನಪಿಲ್ಲ, ದಾದಿಯು ಕೆಲಸ ಬಿಟ್ಟು ಹೋಗಿರುತ್ತಾಳೆ, ರೋಗಿಯ ಕಡೆಯವರ ನೆನಪನ್ನು ದುಃಖವು ಕಲಕಿರುತ್ತದೆ. ಆಗ ಮಾತನಾಡುವುದು ಕಾಗದವೊಂದೇ. ಬರೆಯದೆ ಇದ್ದ ಮಾತ್ರಕ್ಕೆ ಕೆಲಸವು ನಡೆಯಲೇ ಇಲ್ಲವೆಂದು ನ್ಯಾಯಸ್ಥಾನವು ನಿರ್ಣಯಿಸಲೇಬೇಕೆಂಬ ಕಟ್ಟಳೆಯಿಲ್ಲ. ಆದರೆ ಹಾಗೆ ಭಾವಿಸಲು ಅವಕಾಶವುಂಟು. ರಾತ್ರಿ ಮೂರು ಸಲ ರೋಗಿಯನ್ನು ನೋಡಿದೆನೆಂದು ವೈದ್ಯರು ಎಷ್ಟೇ ಹೇಳಿದರೂ, ಹಾಳೆಯು ಖಾಲಿಯಿದ್ದರೆ ಅದನ್ನು ರುಜುವಾತುಪಡಿಸುವುದು ಹೇಗೆ? ಆದುದರಿಂದ ಸರಿಯಾದ ದಾಖಲೆಯು ರೋಗಿಗೆ ಎಷ್ಟು ಆಶ್ರಯವೋ ಶ್ರದ್ಧೆಯಿಂದ ದುಡಿದ ವೈದ್ಯರಿಗೂ ಅಷ್ಟೇ ಆಶ್ರಯ. ಇದಕ್ಕೆ ಪ್ರತಿಯಾಗಿ, ಆಮೇಲೆ ತಿದ್ದಿದ ಒಂದು ಸಾಲು ಕಂಡುಬಂದರೆ, ಉಳಿದ ನೂರು ಸಾಲುಗಳ ಮೇಲೂ ಸಂಶಯ ಹುಟ್ಟುತ್ತದೆ.

ಒಪ್ಪಿಗೆಯ ಪತ್ರದ ವಿಷಯ ಇನ್ನೂ ಮುಖ್ಯವಾದುದು. ಮಹಿಳೆಯೊಬ್ಬರು ದುರ್ಬೀನಿನಂತಹ ಕೊಳವೆಯಿಂದ ಹೊಟ್ಟೆಯೊಳಗೆ ನೋಡುವ ಪರೀಕ್ಷೆಗೂ ಅದಕ್ಕೆ ಸೇರಿದ ಚಿಕಿತ್ಸೆಗೂ ಒಪ್ಪಿ ರುಜು ಮಾಡಿದ್ದರು. ಅವರು ಪ್ರಜ್ಞಾಹೀನರಾಗಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆಯನ್ನು ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ೨೦೦೮ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಕೂಡಲೆ ಮಾಡದಿದ್ದರೆ ಪ್ರಾಣಕ್ಕೆ ಅಪಾಯವೆಂಬ ಸಂದರ್ಭ ಅಲ್ಲಿರಲಿಲ್ಲ; ಪ್ರಾಪ್ತವಯಸ್ಕಳೂ ವಿವೇಕವುಳ್ಳವಳೂ ಆದ ಸ್ತ್ರೀಯ ದೇಹದ ಮೇಲೆ ಒಪ್ಪಿಗೆ ಕೊಡುವ ಅಧಿಕಾರ ತಾಯಿಗೂ ಇಲ್ಲ; ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಾಗುವುದಿಲ್ಲ ಎಂದು ನಿರ್ಣಯಿಸಿತು. ಅಲ್ಲಿ ನಿರ್ಣಾಯಕವಾದುದು ಆ ಪತ್ರದಲ್ಲಿ ಬರೆದಿದ್ದ ಕೆಲವು ಮಾತುಗಳೇ. ಓದದೆ ರುಜು ಮಾಡುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಮನೆಯ ಕ್ರಯಪತ್ರಕ್ಕಾದರೆ ವಕೀಲರಿಂದ ಎರಡೆರಡು ಬಾರಿ ಓದಿಸುವ ನಾವು, ಹೆಂಡತಿಯ ಅಥವಾ ಮಗುವಿನ ದೇಹದ ಪತ್ರಕ್ಕೆ ನಿಂತ ಕಾಲಮೇಲೆ ರುಜು ಹಾಕುತ್ತೇವೆ. ಖಾಲಿ ಜಾಗವಿರುವ ಪತ್ರಕ್ಕೆ ಎಂದಿಗೂ ರುಜು ಮಾಡಕೂಡದು. ತಿಳಿಯದ ಮಾತನ್ನು ಕನ್ನಡದಲ್ಲಿ ಹೇಳಿರೆಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಮಕ್ಕಳ ಕಾಗದಗಳ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಅಪ್ರಾಪ್ತವಯಸ್ಕರ ಸಿವಿಲ್ ದಾವೆಗಳಿಗೆ ಕಾಲವನ್ನು ಅವರು ಪ್ರಾಪ್ತವಯಸ್ಕರಾದಂದಿನಿಂದ ಎಣಿಸುವ ಅವಕಾಶವು ೧೯೬೩ರ ಕಾಲಮಿತಿ ಅಧಿನಿಯಮದಲ್ಲಿದೆ. ಆದರೆ ಆಸ್ಪತ್ರೆಯು ಕಾಗದವನ್ನು ಇಟ್ಟುಕೊಳ್ಳಬೇಕಾದುದು ೩ ವರ್ಷ ಮಾತ್ರ. ಹುಟ್ಟುವಾಗ ತೊಂದರೆಯಾದ ಮಗುವು ಶಾಲೆಗೆ ಸೇರುವ ಹೊತ್ತಿಗೆ ಅದರ ದಾಖಲೆಯು ಆಸ್ಪತ್ರೆಯಲ್ಲಿ ಇಲ್ಲದೆ ಹೋಗಿರಬಹುದು. ಆದುದರಿಂದ ತಾಯಿತಂದೆಗಳು ಪ್ರಸವದ ಕಾಗದಗಳ ನಕಲನ್ನು ಆಗಲೇ ಪಡೆದಿಡತಕ್ಕದ್ದು. ಬಳಕೆದಾರರ ಆಯೋಗಕ್ಕೆ ದೂರು ಕೊಡಲು ೨೦೧೯ರ ಅಧಿನಿಯಮವು ಸಾಮಾನ್ಯವಾಗಿ ೨ ವರ್ಷಗಳ ಅವಧಿಯನ್ನು ಗೊತ್ತುಮಾಡಿದೆಯೆಂಬುದನ್ನೂ ನೆನಪಿಡಬೇಕು.

ಈಗ ಕಂಪ್ಯೂಟರುಗಳಲ್ಲಿಯೇ ದಾಖಲೆಗಳನ್ನು ಬರೆಯುವುದು ಹೆಚ್ಚುತ್ತಿದೆ. ೨೦೨೧ರಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಯೋಜನೆಯಲ್ಲಿ ಇಷ್ಟಪಟ್ಟವರಿಗೆ ೧೪ ಅಂಕಿಗಳ ಆಭಾ ಸಂಖ್ಯೆ ದೊರೆಯುತ್ತದೆ. ಅದರ ಮೂಲಕ ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ರೋಗಿಯ ಒಪ್ಪಿಗೆಯಿಂದ ಜೋಡಿಸಬಹುದು. ೧೮೭೨ರ ಸಾಕ್ಷ್ಯ ಕಾನೂನಿನ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇಂತಹ ದಾಖಲೆಗಳಿಗೆ ಸಾಕ್ಷ್ಯದ ಸ್ಥಾನವನ್ನು ಕೊಟ್ಟಿದೆ. ಆದರೆ ಯಂತ್ರದಲ್ಲಿ ಬರೆದ ಮಾತ್ರಕ್ಕೆ ಬರಹವು ನಿಜವಾಗುವುದಿಲ್ಲ. ನಿನ್ನೆಯ ಸಾಲುಗಳನ್ನೇ ಇಂದಿನ ಪುಟಕ್ಕೆ ಎತ್ತಿಹಾಕುವ ಸುಲಭ ಮಾರ್ಗ ಯಂತ್ರದಲ್ಲಿಯೇ ಉಂಟು. ಆಗ ಜ್ವರ ಬಿಟ್ಟ ರೋಗಿಗೂ ಕಾಗದದಲ್ಲಿ ಜ್ವರ ಮುಂದುವರಿಯುತ್ತದೆ.

ಕಡೆಗೆ ಗೃಹಸ್ಥರು ಮಾಡಬೇಕಾದುದನ್ನು ಸಂಗ್ರಹವಾಗಿ ಹೇಳುವೆವು. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡತವಿರಲಿ. ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಪೋಣಿಸಿರಿ. ಮೊದಲ ಹಾಳೆಯಲ್ಲಿ ಒಗ್ಗದ ಔಷಧಗಳು, ನಿತ್ಯ ಸೇವಿಸುವ ಔಷಧಗಳು, ಹಿಂದೆ ಆದ ಶಸ್ತ್ರಚಿಕಿತ್ಸೆಗಳು ಇವಿಷ್ಟನ್ನು ದಪ್ಪಕ್ಷರದಲ್ಲಿ ಬರೆಯಿರಿ. ಬಿಡುಗಡೆಯ ಸಾರಾಂಶವನ್ನು ಆಸ್ಪತ್ರೆ ಬಿಡುವ ಮೊದಲೇ ಓದಿ, ಹೆಸರು, ವಯಸ್ಸು, ಬಲಗಡೆ ಎಡಗಡೆಗಳಲ್ಲಿ ತಪ್ಪಿದ್ದರೆ ಅಲ್ಲಿಯೇ ಸರಿಪಡಿಸಿಕೊಳ್ಳಿರಿ. ನಕಲು ಬೇಕಾದಾಗ ಬಾಯಿಮಾತಿನಲ್ಲಿ ಕೇಳದೆ ಅರ್ಜಿ ಬರೆದು, ಅದರ ಪ್ರತಿಯ ಮೇಲೆ ಸ್ವೀಕೃತಿಯ ರುಜು ಪಡೆಯಿರಿ. ಮೂಲ ಕಾಗದವನ್ನು ಯಾರಿಗೂ ಬಿಟ್ಟುಕೊಡಬೇಡಿರಿ. ಮುಖ್ಯವಾಗಿ, ಕಡತವಿರುವ ಸ್ಥಳವು ಮನೆಯಲ್ಲಿ ಒಬ್ಬರಿಗೆ ಮಾತ್ರ ತಿಳಿದಿರಬಾರದು; ಕಾಹಿಲೆ ಬೀಳುವವರು ಅವರೇ ಆಗಿರಬಹುದು.

ಇದೆಲ್ಲ ವೈದ್ಯರ ಮೇಲಿನ ಅವಿಶ್ವಾಸದಿಂದ ಹೇಳಿದುದೆಂದು ಯಾರೂ ತಿಳಿಯಬಾರದು. ಅಣ್ಣತಮ್ಮಂದಿರು ಪಾಲಾದಾಗ ಪಾರೀಖತ್ತು ಬರೆಯುವುದು ದ್ವೇಷದಿಂದಲ್ಲ, ಮುಂದೆ ದ್ವೇಷ ಹುಟ್ಟದಿರಲೆಂದು. ಹಾಗೆಯೇ ಇದು. ನಾವು ಮೇಲೆ ಹೇಳಿದ ಆ ಸೊಸೆಯು ಈಗಲೂ ಪ್ರತಿ ಯುಗಾದಿಗೆ ಹಳೆಯ ಪಂಚಾಂಗವನ್ನು ತೆಗೆದು ಹೊಸದನ್ನು ಇಡುವಾಗ, ಆ ಹಾಳೆಯನ್ನೂ ಹೊಸದರೊಳಕ್ಕೆ ವರ್ಗಾಯಿಸುತ್ತಾಳಂತೆ. ನಮ್ಮ ವಾಚಕರ ಮನೆಗಳಲ್ಲಿಯೂ ಅಂತಹ ಒಂದು ಹಾಳೆಗೆ ಒಂದು ಗೊತ್ತಾದ ಸ್ಥಳವಿರಲೆಂದು ಹಾರೈಸಿ ಈ ತಿಂಗಳ ಬರಹವನ್ನು ಮುಗಿಸುವೆವು.