ಸೌದೆ ನಮ್ದು, ತಮಟೆ ನಮ್ದು, ಕೊಂಡ ಹಾಯೋ ಕಾಲು ಮಾತ್ರ ಅವರ್ದಾ?

ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ನಾನು ಕಳಲೆಯವನು. ಮೊನ್ನೆ ನಮ್ಮ ಚಿಕ್ಕವ್ವನ ಊರಿನ ಮಾರಿಹಬ್ಬಕ್ಕೆ ನೆಂಟನಾಗಿ ಹೋಗಿದ್ದೆ. ಊರಿನ ಹೆಸರು ಹಾಕಲ್ಲ. ಹಾಕಿದ್ರೆ ಮಿಕ್ಕ ಊರುಗಳೋರು 'ನಮ್ಮೂರು ಹಂಗಲ್ಲಪ್ಪ' ಅಂತ ತಪ್ಪಿಸ್ಕೋತಾರೆ.

ಬೆಳಗಿನ ಜಾವಕ್ಕೆ ಕೊಂಡ. ಸೌದೆ ಹೊತ್ತು ಒಟ್ಟಿದ್ದು ಕೇರಿ ಹುಡುಗರು. ರಾತ್ರಿಯೆಲ್ಲ ಬೆಂಕಿ ಕಾದಿದ್ದೂ ಅವರೇ. ತಮಟೆ ನಮ್ಮ ಚಿಕ್ಕಪ್ಪನ ಕೈಲಿ. ಅರವತ್ತು ದಾಟಿದ ಮನುಷ್ಯ. ಇಬ್ಬನಿಗೆ ಚರ್ಮ ಸಡಿಲವಾದಾಗೆಲ್ಲ ಎದ್ದು ಹೋಗಿ ಕಾಯಿಸ್ಕೊಂಡು ಬರ್ತಿದ್ದ. ಕೊಂಡದ ಕೆಂಡದಲ್ಲಲ್ಲ, ದೂರದಲ್ಲಿ ಬೇರೆ ಹುಲ್ಲು ಹಚ್ಚಿ.

ನಾನು ಜನರ ಮಧ್ಯೆ ನಿಂತಿದ್ದೆ. ಪ್ಯಾಂಟು ಶರ್ಟು, ಕೈಲಿ ಮೊಬೈಲು. ಒಬ್ಬ ಹಿರಿಯರು 'ಬನ್ನಿ ಸಾರ್, ಇಲ್ಲಿ ಚೆನ್ನಾಗಿ ಕಾಣುತ್ತೆ' ಅಂತ ಜಾಗ ಬಿಟ್ರು. ಆಮೇಲೆ 'ಯಾರ ಮನೆಗೆ ಬಂದಿದ್ದೀರಿ?' ಅಂದ್ರು. ಚಿಕ್ಕಪ್ಪನ ಹೆಸರು ಹೇಳಿದೆ. 'ಸಾರ್' ಹೋಯ್ತು. 'ನಿಮ್ಮೋರು ಆ ಕಡೆ ನಿಂತವ್ರೆ, ಅಲ್ಲಿಗೋಗಪ್ಪ' ಅಂದ್ರು. ಬೈಲಿಲ್ಲ, ಹೊಡೀಲಿಲ್ಲ, ಮೆತ್ತಗೆ ಹೇಳಿದ್ರು. ಮೆತ್ತಗೆ ಹೇಳಿದ್ರೆ ಅದು ಅಸ್ಪೃಶ್ಯತೆ ಅಲ್ಲ ಅಂತ ನಂಬಿರೋರು ನಮ್ಮ ಸೀಮೇಲಿ ಬಾಳ ಜನ.

ಗುಡ್ಡಪ್ಪ ಹಾಯ್ದ. ಯಜಮಾನ್ರ ಮಕ್ಕಳು ಹಾಯ್ದ್ರು. ಹರಕೆ ಹೊತ್ತೋರು ಹಾಯ್ದ್ರು. ಕೇರಿಯವರು ಒಬ್ಬರೂ ಇಲ್ಲ. ಮನೆಗೆ ಬಂದ್ಮೇಲೆ ಕೇಳಿದೆ, 'ನೀನ್ಯಾಕೆ ಹಾಯಲ್ಲ ಚಿಕ್ಕಪ್ಪ?'

'ನಮ್ದು ಬಡಿಯೋದು ಕಣ್ ಮಗ, ಹಾಯೋದು ಅವ್ರದು.'

ಅವನ ದನೀಲಿ ಸಿಟ್ಟೂ ಇರಲಿಲ್ಲ, ನೋವೂ ಇರಲಿಲ್ಲ. ನನಗೆ ಉರಿದಿದ್ದು ಅದಕ್ಕೇ.

ಸ್ಪೇನ್ ದೇಶದಲ್ಲೂ ಕೊಂಡ ಇದೆ, ಗೊತ್ತಾ? ಸಾನ್ ಪೆದ್ರೊ ಮನ್ರಿಕೆ ಅನ್ನೋ ಸಣ್ಣ ಊರು. ವರ್ಷಾ ಜೂನ್ 23ರ ರಾತ್ರಿ ಓಕ್ ಮರದ ಕೆಂಡ ಹರಡಿ ಬರಿಗಾಲಲ್ಲಿ ಹಾಯ್ತಾರೆ, ಬೆನ್ನ ಮೇಲೆ ಇನ್ನೊಬ್ಬರನ್ನ ಹೊತ್ತುಕೊಂಡು. ವಿಜ್ಞಾನಿಗಳು ಅಲ್ಲಿ ಹಾಯೋರಿಗೂ ನೋಡೋರಿಗೂ ಎದೆಬಡಿತ ಅಳೆಯೋ ಯಂತ್ರ ಕಟ್ಟಿದ್ರು. 2011ರಲ್ಲಿ ಆ ಅಧ್ಯಯನ ಪ್ರಕಟವಾಯ್ತು. ಹಾಯೋನ ಎದೆಬಡಿತ ಹೆಂಗೆ ಏರಿ ಇಳೀತೋ, ಪಕ್ಕದಲ್ಲಿ ನಿಂತ ಅವನ ನೆಂಟರಿಷ್ಟರ ಎದೆಬಡಿತವೂ ಹಂಗೇ ಏರಿ ಇಳಿದಿತ್ತು. ಸಂಬಂಧವಿಲ್ಲದ ನೋಡುಗರದ್ದು ಹಾಗಾಗಲಿಲ್ಲ.

ನಮ್ಮ ಚಿಕ್ಕಪ್ಪನ ಎದೆಗೂ ಆ ಯಂತ್ರ ಕಟ್ಟಿ ನೋಡ್ರಪ್ಪ. ನಲವತ್ತು ವರ್ಷದಿಂದ ಕೊಂಡ ಹಾಯೋರ ಕಾಲಿಗೆ ಲಯ ಕೊಟ್ಟೋನು ಅವನು. ಅವನು ಊರಿನವನಾ, ನೆಂಟನಾ, ಆಳಾ? ಅದನ್ನ ಮೊದಲು ಹೇಳಿ.

ಕೆಲವರು ಹೇಳ್ತಾರೆ, 'ಸಂಪ್ರದಾಯ, ದೇವರಿಗೆ ಮೈಲಿಗೆ ಆಗುತ್ತೆ' ಅಂತ. ನಾವು ಹೊತ್ತ ಸೌದೆಗಿಲ್ಲದ ಮೈಲಿಗೆ ನಮ್ಮ ಕಾಲಿಗೆಲ್ಲಿಂದ ಬಂತು? ಇದ್ದಿಲು ಶಾಖವನ್ನ ನಿಧಾನಕ್ಕೆ ದಾಟಿಸುತ್ತೆ, ಕಾಲು ಕೆಂಡದ ಮೇಲಿರೋದು ಅರೆಗಳಿಗೆ. ಅದಕ್ಕೇ ಬೇಗ ಹಾಯ್ದೋರ ಕಾಲು ಸಾಮಾನ್ಯವಾಗಿ ಸುಡಲ್ಲ. ಬೆಂಕಿ ಜಾತಿ ಕೇಳಲ್ಲ, ಬೆಂಕಿ ಸುತ್ತ ನಿಂತೋರು ಕೇಳ್ತಾರೆ.

ಇನ್ನು ಕೆಲವು ಪ್ರಗತಿಪರ ಗೆಳೆಯರು ಹೇಳ್ತಾರೆ, 'ಮೂಢನಂಬಿಕೆ ಅದು, ನಿಮಗ್ಯಾಕೆ ಬೇಕು?' ಸ್ವಾಮಿ, ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋರು ನಾವು. ಬಾಗಿಲು ಹಾಕಿರುವಾಗ 'ಒಳಗೇನೂ ಇಲ್ಲ ಬಿಡಿ' ಅಂತ ಒಳಗಿರೋರು ಹೇಳಬಾರದು. 1927ರ ಮಾರ್ಚ್‌ನಲ್ಲಿ ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆ ನೀರು ಕುಡಿದಿದ್ದು ಬರೀ ಬಾಯಾರಿಕೆಗಾ? ಅದೇ ವರ್ಷ ಡಿಸೆಂಬರ್ 25ಕ್ಕೆ ಅದೇ ಮಹಾಡ್‌ನಲ್ಲಿ ಮನುಸ್ಮೃತಿಗೆ ಬೆಂಕಿ ಬಿತ್ತು. ಮೊದಲು ಹಕ್ಕು. ಆಮೇಲೆ ಏನನ್ನ ಮುಟ್ಟಬೇಕು, ಏನನ್ನ ಸುಡಬೇಕು ಅನ್ನೋದು ನಮ್ಮ ವಿವೇಕ.

ಬೆಂಕಿ ಹಬ್ಬ ಅಂದ್ರೆ ಹಿಂಗೇ ಇರಬೇಕು ಅಂತೇನಿಲ್ಲ. ಚಿಕ್ಕಲ್ಲೂರಿಗೆ ಹೋಗಿ ನೋಡಿ. ಬನದ ಹುಣ್ಣಿಮೆ ರಾತ್ರಿ ಚಂದ್ರಮಂಡಲ ಹತ್ತಿಕೊಂಡಾಗ, ಜ್ವಾಲೆ ಯಾವ ದಿಕ್ಕಿಗೆ ವಾಲುತ್ತೋ ಆ ಕಡೆ ಮಳೆ ಬೆಳೆ ಚೆಂದ ಅಂತ ಎಲ್ಲ ಜಾತಿಯೋರೂ ಒಟ್ಟಿಗೆ ನಿಂತು ನೋಡ್ತಾರೆ. ಆಮೇಲೆ ಪಂಕ್ತಿಸೇವೇಲಿ ಒಂದೇ ಸಾಲಲ್ಲಿ ಕೂತು ಉಣ್ತಾರೆ. ಮಂಟೇಸ್ವಾಮಿ, ಸಿದ್ದಪ್ಪಾಜಿ ನಮ್ಮ ಸೀಮೆಗೆ ಹೇಳಿಕೊಟ್ಟ ಸಂಪ್ರದಾಯ ಅದು. ಅದೂ ಸಂಪ್ರದಾಯ ಅಲ್ವಾ?

ಇದು ಸಣ್ಣ ವಿಷಯ ಅನ್ನಬೇಡಿ. ನಮ್ಮ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ಜಗಳ ಬೆಳೆದು 1993ರಲ್ಲಿ ಮೂವರು ದಲಿತರ ಕೊಲೆಯಾಯ್ತು. ಅದಕ್ಕೇ ಕೇರಿಯ ಹಿರಿಯರು 'ಸುಮ್ನಿರ್ಲಾ ಮಗ' ಅಂತಾರೆ. ಅವರ ಭಯ ಸುಳ್ಳಲ್ಲ. ಆದ್ರೆ ಆ ಭಯಕ್ಕೆ 'ಒಪ್ಪಿಗೆ' ಅಂತ ಹೆಸರಿಟ್ಟು ಹಬ್ಬ ಮಾಡೋರದ್ದು ಸುಳ್ಳು.

ಕೊನೇದಾಗಿ, ನಾನು ಕೇಳೋದು ಇಷ್ಟೇ. ಹಬ್ಬದ ಕೂಟದಲ್ಲಿ ಕೇರಿಯವರೂ ಕೂರಬೇಕು. ಹರಕೆ ಇರೋರು ಯಾರೇ ಆಗಲಿ ಹಾಯಬೇಕು, ಇಲ್ಲದೋರನ್ನ ಯಾರೂ ಬಲವಂತ ಮಾಡಬಾರದು. ತಮಟೆಗೆ ಮೊದಲೇ ಮಾತಾಡಿ ಕೂಲಿ ಕೊಡಬೇಕು. 'ಈ ಸಲ ಬಡಿಯಲ್ಲ' ಅಂದ್ರೆ ದಂಡ, ಬಹಿಷ್ಕಾರ ಹಾಕಬಾರದು. ಪೂಜಾಸ್ಥಳಕ್ಕೆ, ಮೆರವಣಿಗೆಗೆ ಅಡ್ಡಿ ಮಾಡೋದು, ಬಿಟ್ಟಿ ಚಾಕರಿ ಮಾಡಿಸೋದು, ಬಹಿಷ್ಕಾರ ಹಾಕೋದು ಎಲ್ಲವೂ 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಅಪರಾಧ. ಹುಡುಗರು ಇದನ್ನ ಓದಿಕೊಂಡಿರಿ.

ಚಿಕ್ಕಪ್ಪ ಮುಂದಿನ ವರ್ಷ ಹಾಯ್ತಾನೋ ಇಲ್ವೋ ಗೊತ್ತಿಲ್ಲ. ಹಾಯದೆ ಇದ್ರೂ ನನಗೆ ಬೇಜಾರಿಲ್ಲ. 'ನನಗೆ ಬೇಡ' ಅಂತ ಅವನೇ ಹೇಳಿದ್ರೆ ಸಾಕು. 'ಅದು ಅವ್ರದು' ಅನ್ನೋ ಮಾತು ಮಾತ್ರ ಅವನ ಬಾಯಲ್ಲಿ ಇನ್ನೊಂದು ಸಲ ಕೇಳಿಸ್ಕೊಳಕ್ಕೆ ನಾನು ತಯಾರಿಲ್ಲ.

ಜೈ ಭೀಮ್.