ಆಕಾಶದ ಕಣ್ಣು, ನೆಲದ ಸಾಕ್ಷಿ

ಹದಿಮೂರನೆಯ ಶತಮಾನದಲ್ಲಿ ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿದ ಹೊಯ್ಸಳರ ಕಾಲದ ಜನರು ಕೆರೆಗಳ ಮಹತ್ತ್ವವನ್ನೂ ಬಲ್ಲವರಾಗಿದ್ದರು. ಹಳೇಬೀಡಿನ ದೋರಸಮುದ್ರ, ಅರಸೀಕೆರೆ ಎಂಬ ಹೆಸರುಗಳೇ ಇದಕ್ಕೆ ನಿದರ್ಶನ. ಮಳೆಯನ್ನೇ ನೆಚ್ಚಿದ ಈ ಸೀಮೆಯಲ್ಲಿ ಕೆರೆಯಲ್ಲಿ ಎಷ್ಟು ನೀರಿದೆ, ಹೊಲದಲ್ಲಿ ರಾಗಿ ಹೇಗಿದೆ ಎಂಬುದನ್ನು ಸಕಾಲದಲ್ಲಿ ಅರಿಯುವುದು ಇಂದಿಗೂ ಬದುಕಿನ ಪ್ರಶ್ನೆಯಾಗಿದೆ.

ಈ ಅರಿವಿಗಾಗಿ ಮಾನವನು ಆಕಾಶಕ್ಕೆ ಕಣ್ಣುಗಳನ್ನು ಕಳುಹಿಸಿದ್ದಾನೆ. 1988ರ ಮಾರ್ಚ್ 17ರಂದು ಉಡಾವಣೆಗೊಂಡ ಭಾರತದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 22 ದಿನಗಳಿಗೊಮ್ಮೆ ಅದೇ ನೆಲವನ್ನು ನೋಡುತ್ತಿತ್ತು. ಅದರ ಉತ್ತಮ ಚಿತ್ರದ ಒಂದು ಚುಕ್ಕೆಯಲ್ಲಿ ಸುಮಾರು 13 ಗುಂಟೆ ಭೂಮಿ ಅಡಗುತ್ತಿತ್ತು. ಇಂದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದು ಚುಕ್ಕೆ ಒಂದೇ ಗುಂಟೆಯಷ್ಟು. ಆದರೂ ಮುಂಗಾರಿನ ಮೋಡ ಕವಿದರೆ ಆ ಕಣ್ಣು ಕುರುಡು. ಮೋಡವನ್ನು ಭೇದಿಸಿ, ಇರುಳಿನಲ್ಲಿಯೂ ನೋಡಬಲ್ಲದ್ದು ರೇಡಾರ್. 2012ರ ರಿಸ್ಯಾಟ್-1, 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ನೆಗೆದ ನಿಸಾರ್ ಈ ಬಗೆಯವು.

ಆದರೆ ರೇಡಾರ್ ಮೇಲ್ಮಣ್ಣಿನ ತೇವವನ್ನು ಸೂಚಿಸೀತೇ ಹೊರತು ಕೊಳವೆಬಾವಿಯ ಆಳದ ನೀರನ್ನು ತೋರಿಸಲಾರದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟಿರುವ ಮಳೆಮಾಪಕಗಳು ತಾವು ನಿಂತ ಜಾಗದ ಮಳೆಯನ್ನು ಮಾತ್ರ ಹೇಳುತ್ತವೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು. ಎಲ್ಲವನ್ನೂ ತಾಳೆ ನೋಡಿದಾಗಲೇ ನಿಜಸ್ಥಿತಿ ಗೋಚರಿಸುವುದು.

ಈ ತಾಳೆಯಲ್ಲಿ ರೈತನ ಪಾಲೂ ಇದೆ. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯ ಪ್ರಕಾರ ಮಳೆಯ ಕೊರತೆ, ಬಿತ್ತನೆಯ ಪ್ರಮಾಣ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ ಮುಂತಾದವುಗಳನ್ನು ಒಟ್ಟಿಗೆ ಪರಿಗಣಿಸಿ, ಅನಂತರ ಶೇಕಡ 10ರಷ್ಟು ಹಳ್ಳಿಗಳಲ್ಲಿ ನೆಲದ ಮೇಲೆ ಪರೀಕ್ಷಿಸಬೇಕು. 2023ರಲ್ಲಿ ಕರ್ನಾಟಕವು ಮೊದಲು 195, ಕೊನೆಗೆ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ಕ್ರಮ ಇದೇ. ತೆಂಗಿನ ತೋಟದ ಹಸಿರು, ಕೆರೆಯನ್ನು ಮುಚ್ಚಿದ ಕಳೆಯ ಹಸಿರು, ರಾಗಿಯ ಹಸಿರು ಇವುಗಳನ್ನು ಬೇರ್ಪಡಿಸದಿದ್ದರೆ, ಒಣಗಿದ ಹೊಲವೂ ಚಿತ್ರದಲ್ಲಿ ಸಮೃದ್ಧವಾಗಿ ಕಂಡೀತು. ಪರಿಹಾರ ಸಿಗಬೇಕಾದ ಒಕ್ಕಲು ಬರಿಗೈಯಲ್ಲಿ ಉಳಿದೀತು.

ಆದುದರಿಂದ ಉಪಗ್ರಹಗಳ ಸಂಖ್ಯೆ ಹೆಚ್ಚಿದಷ್ಟೂ ನೆಲದ ಸಾಕ್ಷಿಯ ಅಗತ್ಯವೂ ಹೆಚ್ಚುತ್ತದೆ. ಕಡಿಮೆ ವೆಚ್ಚದ ಈ ಕಾರ್ಯವೇ ಹೆಚ್ಚು ಉಪೇಕ್ಷೆಗೆ ಒಳಗಾಗಿರುವುದು ವಿಷಾದದ ಸಂಗತಿ. ಇದನ್ನು ಗ್ರಾಮಾಂತರ ಶಾಲೆಗಳು ಸಮರ್ಥವಾಗಿ ನಿರ್ವಹಿಸಬಲ್ಲವು. ಪ್ರತಿದಿನ ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯ ನಿಯಮದಂತೆ, ಮಳೆಯನ್ನು ಅಳೆಯುವುದು; ವಾರಕ್ಕೊಮ್ಮೆ ಬಾವಿಯ ನೀರಿನ ಮಟ್ಟವನ್ನು ಗುರುತಿಸುವುದು; ಯಾವ ಹೊಲದಲ್ಲಿ ಯಾವ ಬೆಳೆಯಿದೆಯೆಂದು ಬರೆದಿಡುವುದು. ಮಕ್ಕಳ ಲೆಕ್ಕವನ್ನು ನಂಬುವುದು ಹೇಗೆಂದು ಕೆಲವರು ಶಂಕಿಸಬಹುದು. ಒಂದೇ ವೇಳೆಯಲ್ಲಿ, ಒಂದೇ ಕ್ರಮದಲ್ಲಿ, ಶಿಕ್ಷಕರ ಕಣ್ಣೆದುರಿನಲ್ಲಿ ನಡೆದ ಅಳತೆಯ ತಪ್ಪು ನೆರೆಯೂರಿನ ಅಳತೆಯೊಡನೆ ಹೋಲಿಸಿದಾಗ ತಾನಾಗಿ ಬಯಲಾಗುತ್ತದೆ.

ಶಾಲೆಗೆ ಕೊಠಡಿ ಕಟ್ಟಿಸುವ ದಾನಿಗಳು ಒಂದು ಮಳೆಮಾಪಕವನ್ನೂ ಒಂದು ದಪ್ಪ ದಾಖಲೆ ಪುಸ್ತಕವನ್ನೂ ಕೊಡಿಸಲಿ. ನಗರ ಸೇರಿದ ಹಳೆಯ ವಿದ್ಯಾರ್ಥಿಗಳು ಆ ಅಂಕಿಗಳನ್ನು ಉಪಗ್ರಹದ ಚಿತ್ರಗಳೊಡನೆ ಹೊಂದಿಸುವ ವಿದ್ಯೆಯನ್ನು ಶಾಲೆಗೆ ತಂದುಕೊಡಲಿ. ಹತ್ತು ವರ್ಷ ತಪ್ಪದೆ ಬರೆದ ಅಂತಹ ಪುಸ್ತಕವೊಂದು ಬರದ ವರ್ಷದಲ್ಲಿ ಇಡೀ ಊರಿನ ಪರವಾಗಿ ಸಾಕ್ಷಿ ನುಡಿಯಬಲ್ಲದು.